ಹತ್ತನೆಯ ಕೌದಿ

ಉಪ್ಪಳದ ಪೇಟೆಯಲ್ಲಿ ನಿಂತು ‘ಭಾಷಾಂತರದ ಸತ್ಯವತಿಯ ಮನೆ ಎಲ್ಲಿ’ ಎಂದು ಕೇಳಿ ನೋಡಿ, ಯಾರೂ ತಲೆಯೆತ್ತುವುದಿಲ್ಲ. ‘ತುಂಡುಬಟ್ಟೆಯ ಅಕ್ಕ’ ಎಂದು ಕೇಳಿ, ಮೂರು ಜನ ಒಟ್ಟಿಗೆ ಕೈ ತೋರಿಸುತ್ತಾರೆ. ಸರಕಾರ ಸಂಬಳ ಕೊಡುವುದು ಮೊದಲನೆಯ ಸತ್ಯವತಿಗೆ. ಎರಡನೆಯವಳಿಗೆ ಸಂಬಳವೂ ಇಲ್ಲ, ಬಡ್ತಿಯೂ ಇಲ್ಲ, ಬೆರಳ ತುದಿಯ ತುಂಬ ಸೂಜಿ ಚುಚ್ಚಿದ ಗುರುತು ಮಾತ್ರ. ಆದರೂ ಅವಳು ಬದುಕುತ್ತಿದ್ದದ್ದು ಎರಡನೆಯವಳಾಗಿಯೇ.

ಮೊದಲನೆಯ ಕೆಲಸದ ವಿಷಯ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಎಷ್ಟೋ ಜನ ಅರ್ಜಿ ಬರೆಯುವುದು ಕನ್ನಡದಲ್ಲಿ, ಮೇಲಿನವರು ಓದುವುದು ಮಲಯಾಳದಲ್ಲಿ. ನಡುವೆ ಒಬ್ಬರು ಕೂತು ಇದನ್ನು ಅದಕ್ಕೆ, ಅದನ್ನು ಇದಕ್ಕೆ ತಿರುಗಿಸಬೇಕು. ಇಪ್ಪತ್ತಾರು ವರ್ಷಗಳಿಂದ ಆ ಕುರ್ಚಿಯಲ್ಲಿ ಕೂತವಳು ಸತ್ಯವತಿ. ಸುಲಭ ಎಂದುಕೊಳ್ಳಬೇಡಿ. ಎರಡೂ ಭಾಷೆಯಲ್ಲಿ ಒಂದೇ ಹಾಗೆ ಕೇಳಿಸುವ, ಅರ್ಥ ಮಾತ್ರ ಬೇರೆಯಾದ ಶಬ್ದಗಳು ರಾಶಿ ಉಂಟು. ಕನ್ನಡದ ‘ಅವಸರ’ ಎಂದರೆ ಗಡಿಬಿಡಿ, ಮಲಯಾಳದ ‘ಅವಸರಂ’ ಎಂದರೆ ಸದವಕಾಶ. ಕನ್ನಡದವನ ‘ಸಂಸಾರ’ ಹೆಂಡತಿ ಮಕ್ಕಳು. ಮಲಯಾಳದ ‘ಸಂಸಾರಂ’ ಬರೀ ಮಾತುಕತೆ. ‘ನನ್ನ ಸಂಸಾರಕ್ಕೆ ಹುಷಾರಿಲ್ಲ’ ಎಂದು ಒಬ್ಬ ಪಾಪದವನು ಬರೆದದ್ದನ್ನು ಹೊಸ ಗುಮಾಸ್ತನೊಬ್ಬ ‘ಅರ್ಜಿದಾರನಿಗೆ ಮಾತಾಡಲು ಕಷ್ಟ’ ಎಂದು ಮಾಡಿ ಕಳುಹಿಸಲು ಹೊರಟಿದ್ದ. ಕಾಗದ ಹೊರಡುವ ಮೊದಲು ಅದನ್ನು ಹಿಡಿದವಳು ಸತ್ಯವತಿ. ಅವಳ ಕೈಯಿಂದ ಒಂದು ಶಬ್ದವೂ ತಪ್ಪಿ ಹೋದದ್ದಿಲ್ಲ. ಅವಳಿಗೆ ಇದ್ದ ಜಂಬ ಅದೊಂದೇ.

ಸಂಸಾರದ ಮಾತು ಬಂತಲ್ಲ, ಸತ್ಯವತಿಗೆ ಕನ್ನಡದ ಸಂಸಾರವೂ ಇರಲಿಲ್ಲ, ಮಲಯಾಳದ ಸಂಸಾರವೂ ಇರಲಿಲ್ಲ. ಹುಟ್ಟಿದ್ದು ನೆಕ್ರಾಜೆಯಲ್ಲಿ. ನೋಡಲು ಬಂದವರಲ್ಲಿ ಕೆಲವರನ್ನು ಅವಳು ಬೇಡವೆಂದಳು, ಕೆಲವರು ಅವಳನ್ನು ಬೇಡವೆಂದರು, ಮೂವತ್ತೆಂಟು ದಾಟಿದ ಮೇಲೆ ಬರುವವರೂ ನಿಂತರು. ಅಪ್ಪ ಅಮ್ಮ ತೀರಿಹೋದ ಮೇಲೆ ಊರಿನ ಮನೆಯಲ್ಲಿ ತಮ್ಮ ಗಣೇಶಪ್ರಸಾದ, ಅವನ ಹೆಂಡತಿ ಶ್ರೀರಂಜಿನಿ. ಇವಳು ಉಪ್ಪಳದಲ್ಲಿ, ಹೆದ್ದಾರಿಯ ಪಕ್ಕ ಎರಡು ಪಾಲು ಮಾಡಿದ ಬಾಡಿಗೆ ಮನೆಯ ಒಂದು ಪಾಲಿನಲ್ಲಿ. ಈಗ ಐವತ್ತಮೂರು. ಹೆದ್ದಾರಿ ಅಗಲವಾಗಿ ನಡುವೆ ಗೋಡೆ ಎದ್ದ ಮೇಲೆ ಆಚೆ ಬದಿಯ ಪರಿಚಯದವರೆಲ್ಲ ಆಚೆಗೇ ಆದರು. ಒಂದು ಮಾತಾಡಬೇಕಾದರೆ ಅರ್ಧ ಕಿಲೋಮೀಟರು ನಡೆದು ಸೇತುವೆಯ ಅಡಿಯಿಂದ ನುಸುಳಬೇಕು. ಭಾನುವಾರಗಳಲ್ಲಿ ಸಂಜೆಯವರೆಗೆ ಅವಳ ಬಾಯಿಂದ ಒಂದು ಶಬ್ದವೂ ಹೊರಡದೆ ಇದ್ದದ್ದುಂಟು. ಹಾಲಿನವನು ಬಂದಾಗ ಗಂಟಲು ಸರಿಮಾಡಿಕೊಂಡೇ ಮಾತಾಡಬೇಕಾಗುತ್ತಿತ್ತು. ಬೇಸರವಾಗುತ್ತಿತ್ತು. ತುಂಬ ಬೇಸರವಾಗುತ್ತಿತ್ತು.

ಆ ಬೇಸರದ ಕಾಲದಲ್ಲಿ ಅವಳಿಗೆ ಕೌದಿ ಸಿಕ್ಕಿತು.

ಕೊಟ್ಟವಳು ಬಾಗಲಕೋಟೆ ಕಡೆಯ ಒಬ್ಬಳು ಹೆಂಗಸು, ಹೆದ್ದಾರಿಯ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿ ಇದ್ದವಳು. ಮಗುವಿನ ಯಾವುದೋ ಕಾಗದಕ್ಕಾಗಿ ಆಫೀಸಿನ ಜಗಲಿಯಲ್ಲಿ ಕಾಯುತ್ತಾ ಕೂತು, ಮಡಿಲ ತುಂಬ ಚಿಂದಿ ಹರಡಿಕೊಂಡು ದೊಡ್ಡ ದೊಡ್ಡ ಹೊಲಿಗೆ ಹಾಕುತ್ತಿದ್ದಳು. ಊಟಕ್ಕೆಂದು ಹೊರಗೆ ಬಂದ ಸತ್ಯವತಿ ಊಟ ಮರೆತು ನಿಂತಳು.

“ಬರ್ರಿ ಅಕ್ಕಾರ, ಕುಂದರ್ರಿ. ಕೌದಿ ಹೊಲ್ಯಾಕ ಬರ್ತೈತೇನು?” ಎಂದಳು ಆ ಹೆಂಗಸು.

ಕೌದಿ! ನಮ್ಮ ಕರಾವಳಿಯಲ್ಲಿ ಬಳಕೆಯೇ ಇಲ್ಲದ ಶಬ್ದ. ಹಳೆಯ ಬಟ್ಟೆಯನ್ನು ಅಡಿಗೆ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಪದರ ಪದರ ಸೇರಿಸಿ ಹೊಲಿದ ಹೊದಿಕೆ. ಸತ್ಯವತಿ ಮೂರು ಭಾನುವಾರ ಆ ತಗಡಿನ ಶೆಡ್ಡಿಗೆ ಹೋಗಿ ನೆಲದಲ್ಲಿ ಕೂತು ಕಲಿತಳು. ಕೊನೆಯ ದಿನ ಆ ಹೆಂಗಸು ಒಂದು ಮಾತು ಹೇಳಿದಳು: “ಕಡೀ ಮೂಲಿ ಮುಚ್ಚೂ ಮುಂದ ಒಳಗ ತಿನ್ನೂದು ಏನರ ಒಂಚೂರು ಇಡಬೇಕ್ರಿ. ರೊಟ್ಟಿ ಚೂರಾಗ್ಲಿ, ಕಾಳಾಗ್ಲಿ. ಹಸದ ಕೌದಿ ಯಾರನ್ನೂ ಬೆಚ್ಚಗ ಇಡಂಗಿಲ್ಲ.” ಮುಂದಿನ ವಾರ ರಸ್ತೆಯ ಕೆಲಸ ಮುಂದಕ್ಕೆ ಹೋಯಿತು, ಶೆಡ್ಡೂ ಹೋಯಿತು, ಅವಳೂ ಹೋದಳು.

ಮತ್ತೆ ಶುರುವಾಯಿತು ನೋಡಿ. ಪೇಟೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಕುಂಞ ಎಂಬವನ ಅಂಗಡಿ. ಅವನ ಮೆಷಿನ್ನಿನ ಕಾಲಬುಡದಲ್ಲಿ ಬಿದ್ದ ತುಂಡುಗಳನ್ನು ಹೆಕ್ಕಿ ಚೀಲಕ್ಕೆ ತುಂಬುವುದೇ ಅವಳಿಗೆ ಹಬ್ಬ. ಮದುಮಗಳ ರವಿಕೆಯ ಅಂಚು, ಬುರ್ಖಾದ ಕಪ್ಪು, ಶಾಲೆಯ ಮಕ್ಕಳ ಯೂನಿಫಾರ್ಮಿನ ನೀಲಿ, ಯಾರದೋ ಚೂಡಿದಾರದ ಮಾವಿನ ಹಳದಿ. ಮನೆಗೆ ತಂದು ಒಗೆದು, ಇಸ್ತ್ರಿ ಮಾಡಿ, ಚಾಪೆಯ ಮೇಲೆ ಹರಡಿಕೊಂಡು ಕೂತರೆ ಅವಳ ಮುಖವೇ ಬೇರೆ. ಹಳದಿಯ ಪಕ್ಕ ಕಪ್ಪು ಇಟ್ಟು ನೋಡುವಳು, ಛೆ ಎಂದು ತೆಗೆಯುವಳು, ನೀಲಿ ಇಟ್ಟು ನೋಡುವಳು, ಹಾಂ ಎನ್ನುವಳು. ಅರ್ಜಿಗಳಲ್ಲಿ ಊರವರ ಕಷ್ಟವನ್ನೆಲ್ಲ ಬೆಳಗಿನಿಂದ ಓದಿ ಬಂದವಳಿಗೆ, ಆ ಊರವರದೇ ಮದುವೆ ಹಬ್ಬಗಳ ಚೂರು ಕೈಗೆ ಸಿಕ್ಕಿದ ಹಾಗೆ ಆಗುತ್ತಿತ್ತು.

ಕುಂಞ ತಮಾಷೆ ಮಾಡುತ್ತಿದ್ದ. “ಸತ್ಯಕ್ಕ, ಮೆಷಿನ್ ಇಲ್ಲೇ ಉಂಟಲ್ಲ. ತಂದ್ರೆ ಒಂದು ದಿನದಲ್ಲಿ ಮುಗಿಸಿ ಕೊಡ್ತೇನೆ. ಕೈಯಲ್ಲಿ ಯಾಕೆ ಸಾಯುವುದು ಮಾರಾಯ್ರೆ?”

“ಬೇಗ ಮುಗಿದ್ರೆ ಮತ್ತೆ ಎಂತ ಮಾಡುವುದು ಕುಂಞ?” ಎಂದಿದ್ದಳು ಸತ್ಯವತಿ.

ಒಂದೊಂದು ಕೌದಿಗೆ ನಾಲ್ಕು ತಿಂಗಳು, ಐದು ತಿಂಗಳು. ಹೀಗೆ ಎಂಟು ಆದವು. ಆದರೆ ಕೌದಿ ಹೊಲಿಯುವುದು ಯಾರಿಗಾದರೂ ಹೊದಿಸಲಿಕ್ಕಲ್ಲವೇ? ಎಲ್ಲಕ್ಕಿಂತ ಚಂದದ್ದನ್ನು ನೆಕ್ರಾಜೆಗೆ ಕೊಂಡುಹೋಗಿ ನಾದಿನಿಗೆ ಕೊಟ್ಟಳು. ‘ಅಯ್ಯೋ, ಎಷ್ಟು ಚಂದ ಉಂಟು ಅತ್ತಿಗೆ!’ ಎಂದು ಶ್ರೀರಂಜಿನಿ ಬಾಯಿತುಂಬ ಹೇಳಿದಳು. ಮುಂದಿನ ಸಲ ಅಮ್ಮನ ಶ್ರಾದ್ಧಕ್ಕೆ ಹೋದಾಗ ಅಂಗಳದಲ್ಲಿ ಗಣೇಶಪ್ರಸಾದನ ಸ್ಕೂಟರಿಗೆ ಅದನ್ನು ಹೊದಿಸಿದ್ದರು, ಮೇಲೆ ಕಾಗೆ ಹಿಕ್ಕೆ ಬೇರೆ. ಸತ್ಯವತಿ ಊಟ ಮಾಡಿ, ಪಾಯಸ ಚೆನ್ನಾಗಿತ್ತು ಎಂದು ಹೇಳಿ, ನಾಲ್ಕು ಗಂಟೆಯ ಬಸ್ಸಿಗೆ ವಾಪಸು ಬಂದಳು. ಉಳಿದ ಏಳು ಕೌದಿಗಳು ಕಪಾಟಿನಲ್ಲೇ ಕೂತವು. ತಾನಾದರೂ ಒಂದನ್ನು ಹೊದೆಯಬಹುದಿತ್ತು, ಹೊದೆಯಲಿಲ್ಲ. ತನಗೆ ತಾನೇ ಹೊದಿಸಿಕೊಳ್ಳುವುದು ಎಂತ ಸುಖ ಎಂದು ಅವಳ ಲೆಕ್ಕ.

ಹೀಗಿರುವಾಗ ಪಕ್ಕದ ಪಾಲಿಗೆ ಷೈಜ ಬಂದಳು. ಪಯ್ಯನ್ನೂರಿನವಳು, ಇಲ್ಲಿಯ ಹೈಸ್ಕೂಲಿಗೆ ಗಣಿತದ ಟೀಚರಾಗಿ ವರ್ಗವಾದವಳು. ಗಂಡ ಶಾರ್ಜಾದಲ್ಲಿ. ಜತೆಗೆ ಎಂಬತ್ತು ದಾಟಿದ ಅವಳ ತಾಯಿ, ಕಾರ್ತ್ಯಾಯಿನಿಯಮ್ಮ.

ಎರಡೂ ಪಾಲಿಗೆ ಹಿಂದಿನ ಜಗಲಿ ಒಂದೇ. ಷೈಜ ಪರೀಕ್ಷೆಯ ಮಕ್ಕಳಿಗೆ ಸ್ಪೆಷಲ್ ಕ್ಲಾಸು ಮುಗಿಸಿ ಬರುವಾಗ ಏಳು ಗಂಟೆ. ಸತ್ಯವತಿ ಐದೂವರೆಗೇ ಮನೆಯಲ್ಲಿ. ಮೊದಲ ದಿನ ಮುದುಕಿ ಜಗಲಿಯಲ್ಲಿ ಒಬ್ಬರೇ ಕೂತದ್ದನ್ನು ಕಂಡು ಸತ್ಯವತಿ ತನ್ನ ಮಲಯಾಳದಲ್ಲಿ ಮಾತಾಡಿಸಿದಳು. ಅವಳ ಮಲಯಾಳವೋ, ಇಪ್ಪತ್ತಾರು ವರ್ಷ ಕಡತದಲ್ಲಿ ಬೆಳೆದದ್ದು. ‘ತಮ್ಮ ಬಟ್ಟೆಗಳು ಒಣಗಿರುತ್ತವೆ ಎಂಬ ವಿವರವನ್ನು ತಿಳಿಯಪಡಿಸುತ್ತೇನೆ’ ಎಂಬ ಅರ್ಥದ ಒಂದು ವಾಕ್ಯ ಹೊರಬಿತ್ತು. ಕಾರ್ತ್ಯಾಯಿನಿಯಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕದ್ದೇ ನಕ್ಕದ್ದು. “ಮೋಳೆ, ನೀನು ಮಾತಾಡುವುದಾ, ನೋಟೀಸು ಓದುವುದಾ?” ಎಂದು ಮಲಯಾಳದಲ್ಲೇ ಕೇಳಿದರು. ಮೋಳೆ ಎಂದರೆ ಮಗಳೇ. ಸತ್ಯವತಿಯನ್ನು ಹಾಗೆ ಯಾರೂ ಕರೆಯದೆ ಹದಿನಾಲ್ಕು ವರ್ಷವಾಗಿತ್ತು.

ಆಮೇಲೆ ದಿನಾ ಐದೂವರೆಗೆ ಜಗಲಿ. ಮುದುಕಿಗೆ ಕಣ್ಣು ಮಂದ, ಬೆರಳು ಚುರುಕು. ಮೊರದಲ್ಲಿ ತುಂಡುಗಳನ್ನು ಹಾಕಿ ಕೊಟ್ಟರೆ ಮುಟ್ಟಿಯೇ ಇದು ಹತ್ತಿ, ಇದು ನೈಲಾನು ಎಂದು ಬೇರೆ ಮಾಡಿ ಕೊಡುವರು. ಸತ್ಯವತಿ ಹೊಲಿಯುತ್ತಾ ಆಫೀಸಿನ ಕತೆ ಹೇಳುವಳು. ಮನೆಗೆ ಬರುವ ದಾರಿಯಲ್ಲಿ ‘ಇವತ್ತು ಅಮ್ಮನಿಗೆ ಇದನ್ನು ಹೇಳಬೇಕು’ ಎಂದು ಒಂದೊಂದನ್ನು ಜೋಪಾನ ಮಾಡಿಕೊಂಡು ಬರುವಳು. ಕನ್ನಡದ ಸಂಸಾರ ಆಗಲಿಲ್ಲ, ಹೋಗಲಿ. ಮಲಯಾಳದ ಸಂಸಾರ ಅಂತೂ ಆಯಿತು.

ಕಾರ್ತ್ಯಾಯಿನಿಯಮ್ಮನಿಗೆ ಯಾವಾಗಲೂ ಚಳಿ. ಉಪ್ಪಳದ ಸೆಕೆಯಲ್ಲಿ ಊರೆಲ್ಲ ಬೆವರುವಾಗ ಅವರು ಎರಡು ಮುಂಡು ಸುತ್ತಿಕೊಂಡು ಕೂರುವರು. ಅಂಗಡಿಯ ಕಂಬಳಿ ಚುಚ್ಚುತ್ತದೆ ಎಂದು ತಳ್ಳುವರು. ಒಂದು ದಿನ ಸತ್ಯವತಿಯ ಮಡಿಲಲ್ಲಿದ್ದ ಒಂಬತ್ತನೆಯ ಕೌದಿಯ ಅಂಚನ್ನು ಎಳೆದು ತಮ್ಮ ಮೊಣಕಾಲಿಗೆ ಹಾಕಿಕೊಂಡು, “ಇದು ಆಗಬಹುದು. ಇಂಥದ್ದು ನನಗೊಂದು ಮಾಡಿ ಕೊಡು” ಎಂದರು.

ಕೇಳಿ ಪಡೆಯುವವರು ಒಬ್ಬರು ಸಿಕ್ಕಿದರಲ್ಲ! ಸತ್ಯವತಿಗೆ ಆ ರಾತ್ರಿ ಊಟ ಸೇರಲಿಲ್ಲ, ಅಷ್ಟು ಖುಷಿ. ಅಡಿಬಟ್ಟೆಗೆ ಅಮ್ಮನೇ ತಮ್ಮ ಎರಡು ಹಳೆಯ ಬಿಳಿ ಮುಂಡುಗಳನ್ನು ತೆಗೆದು ಕೊಟ್ಟರು. ಒಗೆದು ಒಗೆದು ಬೆಣ್ಣೆಯಾಗಿದ್ದವು. ಮೇಲಿನ ತುಂಡುಗಳನ್ನು ಒಂದೊಂದಾಗಿ ಅಮ್ಮನ ಬೆರಳು ಮುಟ್ಟಿ ಒಪ್ಪಿದ ಮೇಲೆಯೇ ಹಾಕಿದ್ದು. ಷೈಜನಿಗೆ ಇದು ಯಾವುದೂ ಗೊತ್ತಿಲ್ಲ. ಮುಗಿದ ಮೇಲೆ ತೋರಿಸಿ ಅವಳನ್ನು ಬೆರಗು ಮಾಡಬೇಕು ಎಂದು ಮುದುಕಿಯ ಹಟ. ಏಳು ಗಂಟೆಗೆ ಗೇಟಿನ ಸದ್ದಾದರೆ ಚಾಪೆ ಸಮೇತ ಎಲ್ಲ ಸತ್ಯವತಿಯ ಪಾಲಿಗೆ.

“ಇದಕ್ಕೆ ನಿಮ್ಮಲ್ಲಿ ಎಂತ ಹೆಸರು?” ಎಂದು ಅಮ್ಮ ಕೇಳಿದರು.

ಮಲಯಾಳದಲ್ಲಿ ಹೊದಿಕೆಗೆ ‘ಪುದಪ್ಪು’ ಎಂಬ ಶಬ್ದ ಉಂಟು. ಹಾಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಇದು ಅಂಗಡಿಯಲ್ಲಿ ಸಿಗುವ ಪುದಪ್ಪು ಅಲ್ಲ ಎಂದು ಸತ್ಯವತಿಗೆ ಹೆಮ್ಮೆ. “ಕೌದಿ” ಎಂದಳು.

“ಕೋಡಿಯಾ?”

“ಕೋಡಿ ಅಲ್ಲಮ್ಮ. ಕೌದಿ.”

ಮುದುಕಿ ಮತ್ತೆ ಬಿದ್ದು ಬಿದ್ದು ನಕ್ಕರು. ಕೋಡಿ ಎಂದರೆ ಅವರ ಕಡೆ ಹೊಸ ಬಟ್ಟೆ. ಓಣಕ್ಕೆ ಕೊಡುವುದೂ ಕೋಡಿಯೇ. ಯಾರಾದರೂ ತೀರಿಕೊಂಡರೆ ನೆಂಟರು ತಂದು ಹೆಣದ ಮೇಲೆ ಹೊದಿಸುವ ಬಟ್ಟೆಯೂ ಕೋಡಿಯೇ. “ನನ್ನ ಪ್ರಾಯಕ್ಕೆ ಕೌದಿಯೂ ಒಂದೇ ಕೋಡಿಯೂ ಒಂದೇ ಮೋಳೆ. ನಾಲಗೆ ತಿರುಗುವುದಿಲ್ಲ, ನಾನು ಕೋಡಿ ಅಂತಲೇ ಹೇಳುವುದು” ಎಂದರು. ಹಾಗೆಯೇ ಹೇಳಿದರು. ದಿನಾ ಜಗಲಿಗೆ ಬಂದ ಕೂಡಲೇ “ನನ್ನ ಕೋಡಿ ಎಲ್ಲಿಗೆ ಮುಟ್ಟಿತು?” ಎಂದು ಕೇಳುವುದೇ ಅವರಿಗೊಂದು ಆಟ. ಸತ್ಯವತಿಯೂ ತಿದ್ದುವುದನ್ನು ಬಿಟ್ಟಳು. ಜೀವಮಾನವಿಡೀ ಶಬ್ದ ತಿದ್ದಿದವಳು ಅಲ್ಲೊಂದು ಕಡೆ ಬಿಟ್ಟಳು, ಪ್ರೀತಿಗೆ.

ಫೆಬ್ರವರಿಯ ಹೊತ್ತಿಗೆ ಒಂದು ಮೂಲೆ ಬಿಟ್ಟು ಎಲ್ಲ ಮುಗಿಯುತ್ತಾ ಬಂದಿತ್ತು. ಬಾಗಲಕೋಟೆಯವಳ ಮಾತನ್ನು ಸತ್ಯವತಿ ಅಮ್ಮನಿಗೆ ಹೇಳಿದಾಗ, “ಅದಕ್ಕೂ ಹಸಿವಾ! ಹಾಗಾದರೆ ಅವಲಕ್ಕಿ ಹಾಕುವಾ, ಹಲ್ಲಿಲ್ಲದಿದ್ದರೂ ಆಗುತ್ತದೆ. ನನ್ನ ಕೈಯಿಂದಲೇ ಹಾಕುವುದು, ನೀನು ಹಾಕಬೇಡ” ಎಂದು ಕಟ್ಟುನಿಟ್ಟು ಮಾಡಿದರು. ಮುಂದಿನ ಭಾನುವಾರ ಎಂದು ಇಬ್ಬರೂ ದಿನ ಗೊತ್ತು ಮಾಡಿದರು.

ಮಂಗಳವಾರ ಸತ್ಯವತಿ ಆಫೀಸಿನಿಂದ ಬಂದಾಗ ಪಕ್ಕದ ಪಾಲಿಗೆ ಬೀಗ. ಎದುರಿನ ಗೂಡಂಗಡಿಯ ಬಟ್ಯ ಹೇಳಿದ: “ಅಜ್ಜಿಗೆ ಒಂದು ಬದಿ ಬಿದ್ದು ಹೋಗಿದೆ ಅಂತೆ ಅಕ್ಕ. ಮಾತು ಸರಿ ಬರುವುದಿಲ್ಲ. ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕೊಂಡುಹೋದರು.”

ಫೋನು ಮಾಡಿದರೆ ಷೈಜ ಅಳುತ್ತಿದ್ದಳು. ಐಸಿಯುವಿನಲ್ಲಿ ಇಟ್ಟಿದ್ದಾರೆ, ಯಾರನ್ನೂ ಬಿಡುವುದಿಲ್ಲ ಚೇಚಿ ಎಂದಳು. ಚೇಚಿ ಎಂದರೆ ಅಕ್ಕ. ಸತ್ಯವತಿ ಎರಡು ದಿನ ರಜೆ ಹಾಕಿ ಕೂತು ಉಳಿದ ಹೊಲಿಗೆಯನ್ನೆಲ್ಲ ಮುಗಿಸಿದಳು. ಆ ಒಂದು ಮೂಲೆಯನ್ನು ಮಾತ್ರ ಹಾಗೇ ಬಿಟ್ಟಳು; ಅದು ಅಮ್ಮನ ಪಾಲಿನ ಕೆಲಸ. ಆಸ್ಪತ್ರೆಯಲ್ಲಿ ಎಸಿ ಇರುತ್ತದೆ, ಅಮ್ಮನಿಗೆ ಚಳಿ ತಡೆಯುವುದಿಲ್ಲ, ಇದನ್ನು ಮುಟ್ಟಿಸಿಬಿಟ್ಟರೆ ಸಾಕು ಎಂಬ ಒಂದೇ ಯೋಚನೆ ಅವಳ ತಲೆಯಲ್ಲಿ.

ಶುಕ್ರವಾರ ಬೆಳಿಗ್ಗೆ ಮತ್ತೆ ಫೋನು ಮಾಡಿದಳು. ಆಸ್ಪತ್ರೆಯ ಗೌಜು, ಲಿಫ್ಟಿನ ಸದ್ದು, ಯಾರನ್ನೋ ಕರೆಯುವ ಮೈಕು. ಅಮ್ಮನನ್ನು ವಾರ್ಡಿಗೆ ತಂದಿದ್ದಾರೆ ಎಂದು ಷೈಜ ಹೇಳಿದಳು, ಸ್ವರ ಬಿದ್ದುಹೋಗಿತ್ತು.

ಸತ್ಯವತಿ ಗಡಿಬಿಡಿಯಲ್ಲಿ ಮಲಯಾಳದಲ್ಲೇ ಹೇಳಿದಳು: “ಅಮ್ಮನಿಗೆ ಕೌದಿ ತಯಾರಾಗಿದೆ ಷೈಜ. ನಾನು ತರಲಾ?”

ಆ ಕಡೆ ಮೈಕು ಇನ್ನೊಂದು ಹೆಸರು ಕರೆಯಿತು. ಮತ್ತೆ, “ಚೇಚಿ ಎಂತ ಹೇಳಿದ್ದು?”

“ಕೌದಿ, ಕೌದಿ. ಅಮ್ಮ ಅದಕ್ಕೇ ಕಾಯುತ್ತಿದ್ದದ್ದು.”

“ಚೇಚಿ,” ಎಂದಳು ಷೈಜ, “ಇನ್ನು ಈ ನಂಬರಿಗೆ ಫೋನು ಮಾಡಬೇಡಿ.”

ಲೈನು ಕಡಿದುಹೋಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ ‘ಸ್ವಿಚ್ ಆಫ್’. ಬುಧವಾರ ಸತ್ಯವತಿ ಆಫೀಸಿನಲ್ಲಿದ್ದ ಹೊತ್ತಿಗೆ ಒಂದು ಟೆಂಪೋ ಬಂದು ಪಕ್ಕದ ಪಾಲಿನ ಅರ್ಧ ಸಾಮಾನು ಕೊಂಡುಹೋಯಿತಂತೆ. ಅಜ್ಜಿಯನ್ನು ಪಯ್ಯನ್ನೂರಿನಲ್ಲಿ ಮಾಷ್ಟ್ರಾಗಿರುವ ಮಗ ಮುರಳಿಯ ಮನೆಗೆ ಸೇರಿಸಿದ್ದಾರೆ ಎಂದು ಬಟ್ಯ ಹೇಳಿದ.

ತಾನು ಎಂತ ತಪ್ಪು ಮಾಡಿದೆ? ಸತ್ಯವತಿ ಹಿಂದಿನ ಜಗಲಿಯಲ್ಲಿ ಒಬ್ಬಳೇ ಕೂತು ಯೋಚಿಸಿ ಯೋಚಿಸಿ ಸೋತಳು. ಹೊತ್ತಲ್ಲದ ಹೊತ್ತಿನಲ್ಲಿ ಕರೆದೆನೇ? ಹಳೆಯ ಚಿಂದಿಯ ವಸ್ತು ಆಸ್ಪತ್ರೆಗೆ ತರುತ್ತೇನೆ ಎಂದದ್ದು ಅಸಹ್ಯವಾಯಿತೇ? ಅಳು ಬಂತು, ಅತ್ತಳು. ಮೊರದಲ್ಲಿ ಅಮ್ಮ ಬೇರೆ ಮಾಡಿಟ್ಟ ಹತ್ತಿಯ ತುಂಡುಗಳು ಹಾಗೇ ಇದ್ದವು.

ಗುರುವಾರ ಕುಂಞನ ಅಂಗಡಿಗೆ ಹೋದವಳು ತುಂಡು ಹೆಕ್ಕದೆ ಸ್ಟೂಲಿನ ಮೇಲೆ ಸುಮ್ಮನೆ ಕೂತಳು. ಕುಂಞ 'ಎಂತಾಯ್ತು' ಎಂದು ಕೇಳಿದ್ದೇ ತಡ, ಎಲ್ಲ ಹೇಳಿಬಿಟ್ಟಳು. ಅವನು ಮೆಷಿನ್ ನಿಲ್ಲಿಸಿದ.

“ನೀವು ಫೋನಿನಲ್ಲಿ ಹೇಳಿದ್ದನ್ನು ಹಾಗೇ ಒಮ್ಮೆ ಹೇಳಿ ನೋಡುವಾ, ಸತ್ಯಕ್ಕ.”

ಹೇಳಿದಳು.

“ಈಗ ನಾನು ಪಯ್ಯನ್ನೂರಿನವ ಅಂತ ಇಟ್ಟುಕೊಳ್ಳಿ. ಈ ನಿಮ್ಮ ಕೌದಿ ಅಂದ್ರೆ ಎಂತ ಅಂತ ನನಗೆ ಗೊತ್ತಿಲ್ಲ. ಅಮ್ಮ ಸಾಯುವ ಹಾಗೆ ಮಲಗಿದ್ದಾಳೆ. ಫೋನಿನಲ್ಲಿ ಗರಗರ. ನನ್ನ ಕಿವಿಗೆ ಎಂತ ಬೀಳುವುದು?”

ಸತ್ಯವತಿಯ ಕೈ ಬಾಯಿಗೆ ಹೋಯಿತು. ಅಮ್ಮನಿಗೆ ಕೋಡಿ ತಯಾರಾಗಿದೆ, ನಾನು ತರಲಾ? ಅಮ್ಮ ಅದಕ್ಕೇ ಕಾಯುತ್ತಿದ್ದದ್ದು!

“ಅಯ್ಯೋ ದೇವರೇ” ಎಂದಳು. “ಕುಂಞ, ನನಗೆ ಆ ಶಬ್ದ ಗೊತ್ತಿತ್ತಲ್ಲ. ದಿನಾ ಕೇಳುತ್ತಿದ್ದೆನಲ್ಲ.”

“ದಿನಾ ಕೇಳಿದ್ದಕ್ಕೇ ಆದದ್ದು ಅಕ್ಕ. ಹೋಗಿ ಹೇಳಿ ಬನ್ನಿ. ಮುಖ ನೋಡಿ ಹೇಳಿದ್ರೆ ಅರ್ಥ ಆಗ್ತದೆ. ಅಜ್ಜಿ ಇನ್ನೂ ಇದ್ದಾರಲ್ಲ.”

ಎರಡನೆಯ ಶನಿವಾರ, ಆಫೀಸಿಗೆ ರಜೆ. ಸತ್ಯವತಿ ಕೌದಿಯನ್ನು ದೊಡ್ಡ ಚೀಲದಲ್ಲಿಟ್ಟು, ಸೂಜಿ ನೂಲು ಪರ್ಸಿನಲ್ಲಿ ಹಾಕಿಕೊಂಡು ಬೆಳಗಿನ ಲೋಕಲ್ ಟ್ರೈನು ಹತ್ತಿದಳು. ಕುಂಬಳೆ ದಾಟಿತು, ಕಾಸರಗೋಡು ದಾಟಿತು, ಕಾಞಂಗಾಡು ದಾಟಿತು, ಅವಳು ಮನಸ್ಸಿನಲ್ಲಿ ಒಂದೇ ಮಾತನ್ನು ತಿದ್ದಿ ತಿದ್ದಿ ಇಟ್ಟುಕೊಂಡಳು. ‘ಷೈಜ, ನಾನು ಹೇಳಿದ್ದು ಕೋಡಿ ಅಲ್ಲ, ಕೌದಿ. ಕೌದಿ ಎಂದರೆ ಪುದಪ್ಪು. ಅಮ್ಮನೇ ಕೇಳಿ ಮಾಡಿಸಿಕೊಂಡದ್ದು. ಇಗೋ ನೋಡು.’ ಇಷ್ಟು ಹೇಳಿಬಿಟ್ಟರೆ ತನ್ನ ಮೇಲಿನ ಕಳಂಕ ಹೋಗುತ್ತದೆ, ಷೈಜ ನಗುತ್ತಾಳೆ, ಅಮ್ಮ ಎಡಗೈಯಲ್ಲಾದರೂ ನಾಲ್ಕು ಕಾಳು ಅವಲಕ್ಕಿ ಹಾಕುತ್ತಾರೆ, ಮೂಲೆ ಮುಚ್ಚುತ್ತದೆ. ಮತ್ತೆ ಐದೂವರೆಗೆ ಜಗಲಿ.

ಪಯ್ಯನ್ನೂರಿನಲ್ಲಿ ಮುರಳಿ ಮಾಷ್ ಎಂದದ್ದಕ್ಕೆ ರಿಕ್ಷಾದವನು ಒಮ್ಮೆ ತಿರುಗಿ ಅವಳ ಮುಖ ನೋಡಿ ಗಾಡಿ ಬಿಟ್ಟ. ಗೇಟಿನ ಮುಂದೆ ಇಳಿದಾಗ ಅವಳಿಗೆ ಕಂಡದ್ದು ಅಂಗಳದ ಮೇಲೆ ಕಟ್ಟಿದ ನೀಲಿ ಟಾರ್ಪಾಲು. ಇಬ್ಬರು ಕೆಲಸದವರು ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿ ಟೆಂಪೋಗೆ ಏರಿಸುತ್ತಿದ್ದರು.

ತೀರಿಹೋದದ್ದು ಗುರುವಾರ ಬೆಳಿಗ್ಗೆ. ಇವಳಿಗೆ ಯಾರು ಹೇಳಬೇಕು?

ಷೈಜ ಜಗಲಿಗೆ ಬಂದಳು. ಕಣ್ಣು ಊದಿಕೊಂಡಿತ್ತು. ‘ಕೂತುಕೊಳ್ಳಿ’ ಎಂದಳು, ಅಷ್ಟೇ. ಆಮೇಲೆ ಷೈಜ ನೆಲ ನೋಡುತ್ತಾ ಹೇಳಿದಳು, “ಚೇಚಿ ಅವತ್ತು ಹಾಗೆ ಹೇಳಬಾರದಿತ್ತು.”

“ಷೈಜ, ನಾನು ಹೇಳಿದ್ದು...”

“ನನಗೆ ಹೆದರಿಕೆಯಾಯಿತು ಚೇಚಿ. ಯಾಕೆ ಗೊತ್ತುಂಟಾ? ಅವತ್ತು ಬೆಳಗಿನಿಂದ ಅಮ್ಮನೂ ಅದನ್ನೇ ಕೇಳುತ್ತಿದ್ದರು. ಬಾಯಿ ಒಂದು ಬದಿಗೆ ಹೋಗಿತ್ತು, ಬೇರೆ ಯಾವ ಮಾತೂ ಬರುತ್ತಿರಲಿಲ್ಲ, ಅದೊಂದು ಮಾತ್ರ. ಕೋಡಿ, ನನ್ನ ಕೋಡಿ. ಎಸಿಯಲ್ಲಿ ಗಡಗಡ ನಡುಗುತ್ತಾ ಕೋಡಿ ಕೋಡಿ ಎನ್ನುತ್ತಿದ್ದರು. ಕಂಬಳಿ ಹೊದಿಸಿದರೆ ತಳ್ಳಿದರು. ಅಮ್ಮನಿಗೆ ತಮ್ಮ ಕಾಲ ಬಂತು ಅಂತ ಗೊತ್ತಾಗಿದೆ ಎಂದು ನಾವೆಲ್ಲ ಅತ್ತೆವು. ಅಷ್ಟು ಹೊತ್ತಿಗೆ ನಿಮ್ಮ ಫೋನು.”

ಸತ್ಯವತಿ ಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಇಲ್ಲಿಗೆ ತಂದ ಮೇಲೂ ಬಿಡಲಿಲ್ಲ,” ಎಂದಳು ಷೈಜ. “ಕೊನೆಗೆ ಅಣ್ಣ ಅಂಗಡಿಯಿಂದ ಒಂದು ಕೋಡಿ ತಂದು, ಅಮ್ಮಾ ಇಗೋ, ಕೋಡಿ ಉಂಟು, ಸಮಾಧಾನ ಮಾಡಿಕೊಳ್ಳಿ ಅಂತ ತೋರಿಸಿದ. ಅಮ್ಮ ಬೆರಳಲ್ಲಿ ಮುಟ್ಟಿ ನೋಡಿದರು. ನೋಡಿ ಎಸೆದರು. ಕಣ್ಣಲ್ಲಿ ನೀರು. ಮತ್ತೂ ಕೋಡಿ, ಕೋಡಿ. ಅದಕ್ಕಿಂತ ಹೆಚ್ಚು ನಾವು ಎಂತ ಮಾಡಬೇಕಿತ್ತು? ಅಮ್ಮ ಕೇಳಿದ್ದನ್ನು ಕೊಟ್ಟೆವಲ್ಲ, ಅಲ್ಲವಾ ಚೇಚಿ?”

ಟ್ರೈನಿನಲ್ಲಿ ತಿದ್ದಿ ತಿದ್ದಿ ತಂದ ಮಾತು ಸತ್ಯವತಿಯ ನಾಲಗೆಯ ತುದಿಯಲ್ಲಿತ್ತು. ಕೋಡಿ ಅಲ್ಲ, ಕೌದಿ. ಒಂದೇ ಒಂದು ಶಬ್ದ. ಅದನ್ನು ಹೇಳಿದರೆ ತನ್ನ ತಪ್ಪಿಲ್ಲ ಎಂದಾಗುತ್ತದೆ. ಅದನ್ನು ಹೇಳಿದರೆ, ಅಮ್ಮ ಚಳಿಗೆ ಒಂದು ಹೊದಿಕೆ ಕೇಳಿ ಕೇಳಿ ಸತ್ತರು, ಮಕ್ಕಳು ಹೆಣದ ಬಟ್ಟೆ ತಂದು ತೋರಿಸಿದರು ಎಂದೂ ಆಗುತ್ತದೆ. ಷೈಜ ಇನ್ನು ಎಷ್ಟು ವರ್ಷ ಬದುಕಬೇಕು! ಅಷ್ಟು ವರ್ಷವೂ ಅದನ್ನು ಹೊತ್ತುಕೊಂಡು ಬದುಕಬೇಕು.

“ಕೊಟ್ಟಿದ್ದೀರಿ” ಎಂದಳು ಸತ್ಯವತಿ. “ಕೇಳಿದ್ದನ್ನೇ ಕೊಟ್ಟಿದ್ದೀರಿ.”

“ಚೇಚಿ ಆಗ ಎಂತ ಹೇಳಲು ಹೊರಟದ್ದು?”

“ನನ್ನದು ತಪ್ಪಾಯಿತು ಅಂತ ಹೇಳಲು ಬಂದದ್ದು. ಬೇರೆ ಎಂತದ್ದೋ ಹೇಳಲು ಹೋಗಿ ಬಾಯಿ ತಪ್ಪಿ ಬಂತು. ನನ್ನ ಮಲಯಾಳ ಅಷ್ಟೇ ಷೈಜ. ಅಮ್ಮ ನಗುತ್ತಿದ್ದದ್ದು ಸುಮ್ಮನೆ ಅಲ್ಲ.”

ಷೈಜ ತಲೆಯಾಡಿಸಿದಳು. ಪೂರ್ತಿ ಕ್ಷಮಿಸಿದ ಹಾಗೆ ಕಾಣಲಿಲ್ಲ. ತಾನು ಇಲ್ಲಿಗೇ ವರ್ಗ ಕೇಳಿದ್ದೇನೆ, ಉಪ್ಪಳದ ಮನೆ ಬಿಡುತ್ತೇನೆ ಎಂದಳು. ಸತ್ಯವತಿ ಒಳ್ಳೆಯದು ಎಂದಳು. ಮತ್ತೆ ಎದ್ದು ಹೊರಡುವ ಮೊದಲು ಚೀಲದಿಂದ ಅದನ್ನು ತೆಗೆದು ಷೈಜನ ಮಡಿಲಲ್ಲಿಟ್ಟಳು. “ಅಮ್ಮನ ಹಳೆಯ ಮುಂಡು ಎರಡು ನನ್ನಲ್ಲಿತ್ತು. ಹೊಲಿದು ತಂದೆ. ನೀನು ಇಟ್ಟುಕೋ.”

ಷೈಜ ಬಿಡಿಸಿದಳು. ಅಡಿಯ ಬಿಳಿ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು, ಅಮ್ಮನ ವಾಸನೆ ಹುಡುಕಿ, ಗಟ್ಟಿಯಾಗಿ ಅತ್ತಳು. ಸತ್ಯವತಿ ಅವಳ ಬೆನ್ನು ಸವರಿದಳು. ಅತ್ತು ಮುಗಿದ ಮೇಲೆ ಷೈಜನ ಬೆರಳು ಅಂಚಿನ ಉದ್ದಕ್ಕೂ ಹೋಗಿ ಒಂದು ಕಡೆ ನಿಂತಿತು. “ಇಲ್ಲಿ ಒಂದು ಮೂಲೆ ಹೊಲಿಯಲು ಬಿಟ್ಟಿದೆ ಚೇಚಿ.”

“ಒಂದು ಚೂರು ಅವಲಕ್ಕಿ ಇದ್ದರೆ ತಾ. ನಿನ್ನ ಕೈಯಿಂದಲೇ ಅದರೊಳಗೆ ಹಾಕು. ಹಾಗೊಂದು ಕ್ರಮ ಉಂಟು.”

ಯಾಕೆ ಎಂದು ಷೈಜ ಕೇಳಲಿಲ್ಲ. ಒಳಗಿನಿಂದ ತಂದು ನಾಲ್ಕು ಕಾಳು ಹಾಕಿದಳು. ಸತ್ಯವತಿ ಕನ್ನಡಕ ಏರಿಸಿ, ಸೂಜಿಗೆ ನೂಲು ಪೋಣಿಸಿ ಮೂಲೆ ಮುಚ್ಚಲು ಕೂತಳು. ಹೊಲಿಗೆ ನೇರವಾಗಿಯೇ ಬಂತು. ಅಂಗಳದಲ್ಲಿ ಟಾರ್ಪಾಲು ಬಿಚ್ಚುತ್ತಿದ್ದರು.

ಷೈಜ ಅವಳ ಕೈಯನ್ನೇ ನೋಡುತ್ತಾ ಕೂತಿದ್ದಳು. “ಎಷ್ಟು ಚಂದ ಉಂಟು,” ಎಂದಳು. “ನಿಮ್ಮ ಕನ್ನಡದಲ್ಲಿ ಇದಕ್ಕೆ ಎಂತ ಹೇಳುವುದು ಚೇಚಿ?”

ಸತ್ಯವತಿ ಕೊನೆಯ ಗಂಟು ಹಾಕಿ ನೂಲನ್ನು ಹಲ್ಲಿನಿಂದ ಕಡಿದಳು.

“ಹೊದಿಕೆ” ಎಂದಳು. “ಬರೀ ಹೊದಿಕೆ.”